ರಗ್ಬಿ ಆಡದವರೂ ರಗ್ಬಿ ಕ್ಲಬ್ಬಿಗೆ ಬೇಕು

ಇಂಗ್ಲೆಂಡಿನಲ್ಲಿ ಭಾನುವಾರ ಬೆಳಿಗ್ಗೆ ಮಗುವನ್ನು ರಗ್ಬಿ ಮೈದಾನದಲ್ಲಿ ಇಳಿಸಿ, ಹೀಟರ್ ಹಾಕಿಕೊಂಡು ಕಾರಿನಲ್ಲೇ ಕೂರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಒಂದು ಮಾತು. "ನಮಗೆ ಕ್ರಿಕೆಟ್ ಬಿಟ್ಟರೆ ಬೇರೇನೂ ಗೊತ್ತಿಲ್ಲ" ಅಂತ ಮಕ್ಕಳ ತಂಡದ ಮ್ಯಾನೇಜರ್ ಆಗುವುದರಿಂದ ಹಿಂದೆ ಸರಿಯಬೇಡಿ. ಟ್ಯಾಕಲ್ (ಚೆಂಡು ಹಿಡಿದವರನ್ನು ತಬ್ಬಿ ಕೆಡವುವುದು) ಕಲಿಸಲು ಕೋಚ್ ಇರುತ್ತಾರೆ. ತಂಡ ನಡೆಸುವ ಮ್ಯಾನೇಜರ್‌ಗೆ ಬೇಕಾದದ್ದು ಒಂದು ಹೆಸರಿನ ಪಟ್ಟಿ, ಒಂದು ಗಡಿಯಾರ, ಯಾರ ಮುಲಾಜಿಗೂ ಬೀಳದೆ "ಬೇಡ" ಅನ್ನುವ ಗಟ್ಟಿತನ. ಜೊತೆಗೆ ಡಿಬಿಎಸ್ ತಪಾಸಣೆ, ಅಂದರೆ ಅಪರಾಧದ ಹಿನ್ನೆಲೆ ಇದೆಯೇ ಎಂಬ ಸರ್ಕಾರಿ ಪರಿಶೀಲನೆ. ಸ್ವಯಂಸೇವಕರಿಗೆ ಅದಕ್ಕೆ ಸರ್ಕಾರಿ ಶುಲ್ಕವಿಲ್ಲ.

ಪಟ್ಟಿ ಯಾಕೆ ಅಂದರೆ, ಇಂಗ್ಲೆಂಡಿನ ರಗ್ಬಿ ಆಡಳಿತ ಸಂಸ್ಥೆಯಾದ ಆರ್‌ಎಫ್‌ಯು ನಿಯಮದಂತೆ ಅವತ್ತಿನ ತಂಡದಲ್ಲಿರುವ ಪ್ರತಿ ಮಗುವಿಗೂ ಕನಿಷ್ಠ ಅರ್ಧ ಸಮಯ ಆಟ ಸಿಗಬೇಕು. ಟ್ಯಾಕಲ್ ಶುರುವಾಗುವ ಅಂಡರ್-9ರಲ್ಲಿ ಒಂದು ಬದಿಗೆ 7 ಮಕ್ಕಳು. 14 ಮಂದಿಯವರೆಗೆ ಲೆಕ್ಕ ಕೂಡುತ್ತದೆ, 16 ಬಂದರೆ ಕೂಡುವುದಿಲ್ಲ. ಆದ್ದರಿಂದ ಗುರುವಾರವೇ ಎಣಿಸಿ, ಎದುರು ತಂಡದ ಮ್ಯಾನೇಜರ್‌ಗೆ ಫೋನ್ ಮಾಡಿ ಎರಡು ಪಂದ್ಯ ಇಟ್ಟುಕೊಳ್ಳಿ. ಸ್ಕೋರ್ ಸಮ ಇದ್ದಾಗ ಕೋಚ್‌ಗೆ ಜೋರಾಗಿ ಓಡುವ ಮಕ್ಕಳ ಮೇಲೇ ಕಣ್ಣು. ಮೆತ್ತಗಿನ ಮಗು ಗೆರೆಯ ಹೊರಗೆ ಚಳಿಗೆ ನಡುಗುತ್ತಿರುತ್ತದೆ. ಆಗ ಗಡಿಯಾರ ತೋರಿಸಿ ಅದನ್ನು ಒಳಗೆ ಕಳಿಸುವುದು ನಿಮ್ಮ ಕೆಲಸ. ಒಂಬತ್ತು ವರ್ಷಕ್ಕೂ ಮುಂಚೆಯೇ ಒಂದು ಮಗುವಿಗೆ "ನಾನು ಬೇಡವಾದವನು" ಅನ್ನಿಸುವುದಕ್ಕಿಂತ ಪಂದ್ಯ ಸೋಲುವುದು ಎಷ್ಟೋ ವಾಸಿ.

ಇನ್ನು ತಲೆಗೆ ಪೆಟ್ಟು. ಇಲ್ಲಿ ಚೌಕಾಸಿಯೇ ಇಲ್ಲ. ಕನ್‌ಕಷನ್ (ಪೆಟ್ಟಿನಿಂದ ಮೆದುಳಿಗೆ ಆಗುವ ಆಘಾತ) ಆಗಲು ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಏಳುವುದು ತಡವಾಗುವುದು, ತೂರಾಡುವುದು, ನೋಟ ಎಲ್ಲೋ ನೆಡುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಇವುಗಳಲ್ಲಿ ಒಂದು ಕಂಡರೂ ಸಾಕು, ಅನುಮಾನ ಬಂದರೂ ಸಾಕು, ಮಗು ಹೊರಗೆ. ಅವತ್ತು ಮತ್ತೆ ಆಡುವಂತಿಲ್ಲ. 24 ಗಂಟೆಯೊಳಗೆ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಬೇಕು. ತಲೆನೋವು ಏರುತ್ತಿದ್ದರೆ, ಮೇಲಿಂದ ಮೇಲೆ ವಾಂತಿಯಾದರೆ, ಫಿಟ್ಸ್ ಬಂದರೆ ಕಾಯದೆ ತುರ್ತು ನಂಬರ್ 999. ಮೊದಲ 24ರಿಂದ 48 ಗಂಟೆ ವಿಶ್ರಾಂತಿ, ಫೋನು ಟಿವಿ ಕಡಿಮೆ. ಪೆಟ್ಟಾದ ದಿನವನ್ನು ಸೊನ್ನೆ ಎಂದು ಹಿಡಿದು 21 ದಿನ ಪಂದ್ಯ ಇಲ್ಲ. ತಲೆಗೆ ತಗಲಬಹುದಾದ ಅಭ್ಯಾಸವೂ, ಲಕ್ಷಣವೇ ಇಲ್ಲದೆ 14 ದಿನ ಕಳೆದ ಮೇಲೆ ಮಾತ್ರ. 2023ರಲ್ಲಿ ಬ್ರಿಟನ್ ಸರ್ಕಾರ ವೃತ್ತಿಪರವಲ್ಲದ ಎಲ್ಲ ಆಟಗಳಿಗೂ ಕೊಟ್ಟ ಮಾರ್ಗಸೂಚಿ ಇದು.

ತಪ್ಪು ಸಾಮಾನ್ಯವಾಗಿ ಮೈದಾನದಲ್ಲಿ ಆಗುವುದಿಲ್ಲ, ಆಮೇಲೆ ಆಗುತ್ತದೆ. ಭಾನುವಾರ ಹೊರಗೆ ಕೂತ ಹುಡುಗ ಬುಧವಾರ ಶಾಲೆಯ ತಂಡದಲ್ಲಿ ಆಡಿಬಿಡುತ್ತಾನೆ, ಶಾಲೆಗೆ ಯಾರೂ ಹೇಳಿರುವುದಿಲ್ಲ. ಅದೇ ಸಂಜೆ ಮನೆಯವರಿಗೆ ಬರೆದು ತಿಳಿಸಿ, ಶಾಲೆಗೂ ತಲುಪಿತೇ ಅಂತ ಕೇಳಿ. ಕ್ಲಬ್ಬಿನಲ್ಲಿ ಮಕ್ಕಳ ಸುರಕ್ಷತೆ ನೋಡಿಕೊಳ್ಳುವ ಸೇಫ್‌ಗಾರ್ಡಿಂಗ್ ಅಧಿಕಾರಿಗೂ ಒಂದು ಸಾಲು ಹಾಕಿ.

ಚಳಿಗಾಲದಲ್ಲಿ ಬೆಳಕು ಬಿದ್ದ ಕೂಡಲೇ ನೆಲ ನೋಡಿ. ಬೂಟಿನ ಹಿಮ್ಮಡಿಯಿಂದ ಒತ್ತಿದರೂ ಗುರುತು ಬೀಳದಿದ್ದರೆ ಪಂದ್ಯ ರದ್ದು. ನೆರಳಿರುವ ಮೂಲೆಯನ್ನು ಮರೆಯಬೇಡಿ, ಕೊನೆಗೆ ಕರಗುವುದು ಅದೇ. ಗೋಲ್ ಕಂಬಕ್ಕೆ ಪ್ಯಾಡ್ ಕಟ್ಟಿದೆಯೇ, ಆಂಬುಲೆನ್ಸ್ ಬರುವ ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ, ಇವೂ ಆಗಲೇ ಗೊತ್ತಿರಲಿ.

ಆದರೆ ಇಷ್ಟನ್ನೂ ನೀವೊಬ್ಬರೇ ಹೊರಬೇಡಿ. ವಾಟ್ಸ್ಯಾಪ್ ಗುಂಪಿನಲ್ಲಿ "ಯಾರಾದರೂ ಸಹಾಯ ಮಾಡ್ತೀರಾ" ಅಂದರೆ ಎಲ್ಲರೂ ಓದುತ್ತಾರೆ, ಯಾರೂ ಉತ್ತರಿಸುವುದಿಲ್ಲ. ಒಬ್ಬರ ಎದುರು ನಿಂತು "ನವೆಂಬರ್‌ನಲ್ಲಿ ಎರಡು ಭಾನುವಾರ, ಒಂಬತ್ತರಿಂದ ಒಂಬತ್ತೂವರೆ, ಕೋನ್ ಇಡೋಕೆ ಬರ್ತೀರಾ?" ಅಂತ ಕೇಳಿ. ಕೆಲಸ ಚಿಕ್ಕದು, ಮುಗಿಯುವ ಹೊತ್ತು ಗೊತ್ತಿದೆ ಅಂದಾಗ ಜನ ಒಪ್ಪುತ್ತಾರೆ.

ಇಂಗ್ಲೆಂಡ್ ಸ್ಕಾಟ್ಲೆಂಡ್ ತಂಡಗಳು 1879ರಿಂದ ಆಡುತ್ತಿರುವ ಕಲ್ಕತ್ತಾ ಕಪ್ ನೋಡಿ. ಹಿಡಿಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. 1870ರ ದಶಕದಲ್ಲಿ ಕಲ್ಕತ್ತಾದಲ್ಲಿದ್ದ ಒಂದು ರಗ್ಬಿ ಕ್ಲಬ್ ಮುಚ್ಚುವಾಗ ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿದ್ದು ಅದು. ಆ ಕ್ಲಬ್ಬಿಗೆ ದುಡ್ಡಿನ ಕೊರತೆ ಇರಲಿಲ್ಲ, ಸದಸ್ಯರು ಕರಗಿಹೋಗಿದ್ದರು.

ಆದ್ದರಿಂದ ಸೀಸನ್ ಮುಗಿಯುವ ಮುಂಚೆಯೇ ನಿಮ್ಮ ಜಾಗಕ್ಕೆ ಬರುವವರನ್ನು ಜೊತೆಗೆ ನಿಲ್ಲಿಸಿಕೊಳ್ಳಿ. ಮಕ್ಕಳ ನೋಂದಣಿ ಮಾಡುವುದು ಹೇಗೆ, ಎದುರು ತಂಡಗಳ ನಂಬರ್ ಎಲ್ಲಿದೆ, ಶೆಡ್ಡಿನ ಬೀಗದ ಕೈ ಯಾರಲ್ಲಿದೆ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಡಿ. ಕೊನೆಯ ಮೂರು ಪಂದ್ಯ ಅವರೇ ನಡೆಸಲಿ, ನೀವು ಪಕ್ಕದಲ್ಲಿ ನಿಂತಿರಿ.