ಹತ್ತು ದಿನದ ಗುಳಿಗೆ

ತ್ರಿಶ್ಶೂರಿನ ಹೊರವಲಯದ ಹಳ್ಳಿಯೊಂದರಲ್ಲಿ ನಾನು ನೆಲೆಸಿ ಹನ್ನೊಂದು ವರ್ಷಗಳಾದವು. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿರುವ ಪಕ್ಕದ ಮನೆಯ ಹಿರಿಯರ ಬಾಗಿಲಿಗೆ ಗ್ರಾಮ ಪಂಚಾಯಿತಿಯ ಹೆಸರು ಬರೆದ ಜೀಪು ಬರುತ್ತದೆ; ಅದರಿಂದಿಳಿದ ನರ್ಸ್ ಮೂತ್ರದ ನಳಿಕೆ ಬದಲಿಸಿ, ಬೆನ್ನಿನ ಹುಣ್ಣಿಗೆ ಪಟ್ಟಿ ಕಟ್ಟಿ, ಬಿಪಿ ನೋಡಿ, ಮನೆಯವರ ಬಳಿಯೇ ಇರುವ ಪುಸ್ತಕದಲ್ಲಿ ಬರೆದು ಹೋಗುತ್ತಾರೆ. ಕೇರಳವು ಉಪಶಮನ ಆರೈಕೆಗೆಂದೇ (ವಾಸಿಯಾಗದ ಕಾಯಿಲೆಯವರ ನೋವು, ನರಳಾಟ ತಗ್ಗಿಸುವ ಆರೈಕೆ) 2008ರಲ್ಲಿ ನೀತಿ ರೂಪಿಸಿದ ಮೇಲೆ ಪಂಚಾಯಿತಿಗಳು ತಮ್ಮ ಯೋಜನಾ ಹಣದಿಂದಲೇ ಈ ಕೆಲಸ ನಡೆಸುತ್ತಿವೆ.

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ನಮ್ಮೂರಲ್ಲಿ ಲಿಂಬೆ ತೋಟದ ಕೂಲಿಗೆ ಹೋಗುವ ನನ್ನ ಅಕ್ಕನಿಗೆ ಸಕ್ಕರೆ ಕಾಯಿಲೆಯೂ ಇದೆ, ಬಿಪಿಯೂ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹತ್ತು ದಿನದ ಗುಳಿಗೆ ಕೊಟ್ಟು ಮತ್ತೆ ಬರಹೇಳುತ್ತಾರೆ. ರಕ್ತ ಪರೀಕ್ಷೆಗೆ ಇನ್ನೊಂದು ದಿನ ಹೋಗಬೇಕು. "ಬಸ್ಸೇನೋ ಪುಕ್ಕಟ ಐತಿ ತಮ್ಮಾ, ಹೋದ ದಿನದ ಪಗಾರ ಯಾರ್ ಕೊಡ್ತಾರ?" ಎನ್ನುತ್ತಾಳೆ. ಅಲ್ಲಿನ ವೈದ್ಯರನ್ನು ದೂರಿ ಫಲವಿಲ್ಲ. ಗುಳಿಗೆ ಎಷ್ಟು ಬರಬೇಕೆಂಬುದು ಅವರ ಕೈಯಲ್ಲಿಲ್ಲ.

ವಿಚಿತ್ರವೆಂದರೆ, ಅಧಿಕಾರ ಹಂಚುವುದರಲ್ಲಿ ಕೇರಳಕ್ಕಿಂತ ನಾವೇ ಮುಂದಿದ್ದವರು. ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬ್ ಅವರ ಹಟದಿಂದ 1987ರಲ್ಲೇ ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ತುಗಳು (ಇಂದಿನ ಜಿಲ್ಲಾ ಪಂಚಾಯಿತಿಗಳು) ಬಂದವು. ಸ್ಥಳೀಯ ಸಂಸ್ಥೆಗಳೇ ಜನರೊಂದಿಗೆ ಕೂತು ಯೋಜನೆ ರೂಪಿಸುವ ಕೇರಳದ ಜನಕೀಯ ಯೋಜನೆ ಆರಂಭವಾದದ್ದು 1996ರಲ್ಲಿ. ಆದರೆ ಕೇರಳ ಪಂಚಾಯಿತಿಗಳಿಗೆ ಆಸ್ಪತ್ರೆಯ ಜೊತೆಗೆ ಹಣವನ್ನೂ ಕೊಟ್ಟಿತು. ನಮ್ಮ ಜಿಲ್ಲೆಗೆ ಹಣ ಬರುವಾಗಲೇ ಹರಿದು ಹಂಚಿಹೋಗಿರುತ್ತದೆ: ಸಂಬಳ ಬಜೆಟ್ಟಿನ ಒಂದು ಲೆಕ್ಕಶೀರ್ಷಿಕೆಯಲ್ಲಿ, ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣ ಜಿಲ್ಲಾ ಆರೋಗ್ಯ ಸಂಘದಲ್ಲಿ, ಚಿಲ್ಲರೆ ಖರ್ಚಿನದು ಆಯಾ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ. ಹದಿನೈದನೇ ಹಣಕಾಸು ಆಯೋಗವು 2021ರಿಂದ 2026ರವರೆಗೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದು ದೇಶಕ್ಕೆಲ್ಲ ಶಿಫಾರಸು ಮಾಡಿದ 70,051 ಕೋಟಿ ರೂಪಾಯಿಯ ದಾರಿ ಮತ್ತೊಂದು. ಅತ್ತ 2021ರಲ್ಲಿ ಅವಧಿ ಮುಗಿದ ಜಿಲ್ಲಾ ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯದ್ದರಿಂದ, ಇವನ್ನೆಲ್ಲ ಒಂದೇ ಮೇಜಿನ ಮೇಲೆ ಹರಡಿ ಪ್ರಶ್ನಿಸುವ ಸದಸ್ಯರೂ ಇಲ್ಲವಾದರು.

ಹಾಗೆಂದು ಕೇರಳದ ಕ್ರಮವನ್ನು ಇದ್ದಂತೆ ಎತ್ತಿ ತರಲಾಗದು. ಅಲ್ಲಿ ರಾಜ್ಯಕ್ಕೆಲ್ಲ ಇರುವುದು 941 ಗ್ರಾಮ ಪಂಚಾಯಿತಿಗಳು. ಒಂದೊಂದರ ಜನಸಂಖ್ಯೆ ಹೆಚ್ಚುಕಡಿಮೆ ಒಂದು ಆರೋಗ್ಯ ಕೇಂದ್ರದಷ್ಟು. ನಮ್ಮ ಬಯಲುಸೀಮೆಯಲ್ಲಿ 30,000 ಜನರಿಗೊಂದು ಕೇಂದ್ರವೆಂಬ ಲೆಕ್ಕದಲ್ಲಿ ನಾಲ್ಕೈದು ಪಂಚಾಯಿತಿಗಳು ಒಂದೇ ಕೇಂದ್ರವನ್ನು ಹಂಚಿಕೊಳ್ಳುವುದರಿಂದ ಯಾವುದಕ್ಕೂ ಅದು ತನ್ನದೆನಿಸುವುದಿಲ್ಲ. (ಕೇರಳದಲ್ಲೂ ಜನ ಕೈಯಿಂದ ತೆರುವ ಖರ್ಚು ಕಡಿಮೆಯೇನಲ್ಲ, 2018ರಲ್ಲಿ ಸಂಜೆಯ ಹೊರರೋಗಿ ವಿಭಾಗದ ವಿರುದ್ಧ ಸರ್ಕಾರಿ ವೈದ್ಯರು ಮುಷ್ಕರ ಹೂಡಿದ್ದನ್ನೂ ನಾನು ಕಂಡಿದ್ದೇನೆ.)

ಆದ್ದರಿಂದ ಹಣ ಜಿಲ್ಲೆಯ ಮಟ್ಟದಲ್ಲಿ ಒಂದೇ ಚೀಲಕ್ಕೆ ಬೀಳಬೇಕು, ಅಲ್ಲಿಂದ ತಲೆಲೆಕ್ಕದ ಮೇಲೆ ಕೇಂದ್ರಗಳಿಗೆ ಹೋಗಬೇಕು, ಖರ್ಚಿನ ತೀರ್ಮಾನ ಆ ನಾಲ್ಕೈದು ಪಂಚಾಯಿತಿಗಳ ಜಂಟಿ ಸಮಿತಿಯದಾಗಬೇಕು ಎಂಬುದು ನನ್ನ ಅನಿಸಿಕೆ. ಇಂಡಿ ತಾಲ್ಲೂಕೊಂದರಲ್ಲೇ ಎರಡು ವರ್ಷ ನಡೆಸಿ ನೋಡಲಿ. ಸಮಿತಿ ಮೊದಲು ತಿಂಗಳಿಗಾಗುವಷ್ಟು ಗುಳಿಗೆ ಕೊಡಿಸಲಿ, ಬಳಿಕ ಕೇಂದ್ರವನ್ನು ಸಂಜೆ ಏಳರವರೆಗೆ ತೆರೆದಿಡಿಸಲಿ. ಅಕ್ಕ ತೋಟದಿಂದ ಮರಳುವುದು ಐದೂವರೆಗೆ.