ನಾಣ್ಯ ಚಿಮ್ಮಿದ್ದಾಯಿತು, ಪಾಠವೆಲ್ಲಿ?

ಸ್ವತಂತ್ರ ಘಟನೆಗಳ, ಅಂದರೆ ಒಂದು ಇನ್ನೊಂದರ ಮೇಲೆ ಪ್ರಭಾವ ಬೀರದ ಘಟನೆಗಳ, ಸಂಭವನೀಯತೆಯನ್ನು ಚಟುವಟಿಕೆಯ ಮೂಲಕ ಕಲಿಸುವ ಮಾದರಿ ಪಾಠವೊಂದನ್ನು ಈಗಷ್ಟೇ ನೋಡಿ ಬಂದಿದ್ದೇನೆ; ನನ್ನ ಸ್ವಭಾವ ಬಲ್ಲ ಸ್ನೇಹಿತರು ಮುಂದಿನದನ್ನು ಊಹಿಸಿರುತ್ತಾರೆ. ಮಕ್ಕಳು ಕೂರುವ ಮೊದಲೇ ಗುಣಾಕಾರದ ಸೂತ್ರ ಹಲಗೆಯ ಮೇಲಿತ್ತು: ಇಂಥ ಎರಡು ಘಟನೆಗಳು ಒಟ್ಟಿಗೆ ಬರುವ ಸಂಭವನೀಯತೆ ಅವೆರಡರ ಸಂಭವನೀಯತೆಗಳ ಗುಣಲಬ್ಧ. ನಾಣ್ಯದಲ್ಲಿ ಶಿರ, ದಾಳದಲ್ಲಿ ಆರು ಒಟ್ಟಿಗೆ ಬರುವ ಸಂಭವನೀಯತೆ 1/12 ಎಂದು ಸಾರಿ, ಅದನ್ನು ‘ಪರೀಕ್ಷಿಸಲು’ ಪ್ರತಿ ಗುಂಪಿಗೂ ಹನ್ನೆರಡು ಅವಕಾಶ ಕೊಡಲಾಯಿತು. ಒಮ್ಮೆ ಬಂದ ಗುಂಪಿಗೆ ಚಪ್ಪಾಳೆ. ಒಮ್ಮೆಯೂ ಬಾರದ ಗುಂಪಿಗೆ ‘ಸರಿಯಾಗಿ ಎಸೆಯಿರಿ’ ಎಂಬ ಬುದ್ಧಿವಾದ.

ಸರಿಯಾಗಿ ಎಸೆಯುವುದೆಂದರೇನೋ! ಹಲಗೆಯ ಮೇಲಿದ್ದ ಆ ಸೂತ್ರದಿಂದಲೇ, ಒಂದು ಪ್ರಯತ್ನದಲ್ಲಿ ಬಾರದಿರುವ ಸಂಭವನೀಯತೆಯಾದ 11/12 ಅನ್ನು ಹನ್ನೆರಡು ಬಾರಿ ಗುಣಿಸಿದ್ದರೆ, ಒಮ್ಮೆಯೂ ಬಾರದಿರುವ ಸಂಭವನೀಯತೆ ಶೇಕಡಾ 35ರಷ್ಟಿದೆಯೆಂದು, ಒಂದೇ ಒಂದು ಬಾರಿ ಬರುವುದು ಶೇಕಡಾ 38ರಷ್ಟು ಮಾತ್ರವೆಂದು ತಿಳಿಯುತ್ತಿತ್ತು. ಬೈಸಿಕೊಂಡ ಗುಂಪಿನ ಫಲಿತಾಂಶದಲ್ಲೇ ಆ ದಿನದ ಅತ್ಯುತ್ತಮ ಪಾಠವಿತ್ತು, ಅದನ್ನು ಅಳಿಸಿಹಾಕಲಾಯಿತು.

ನನ್ನ ತಕರಾರು ಇಷ್ಟೇ: ಚಟುವಟಿಕೆಯನ್ನು ಸೂತ್ರಕ್ಕೆ ಸಾಕ್ಷಿ ಹೇಳಲು ಕರೆಯಲಾಗುತ್ತದೆ, ಪ್ರಶ್ನೆ ಕೇಳಲು ಬಿಡುವುದಿಲ್ಲ. ಒಂದು ಘಟನೆ ಇನ್ನೊಂದರ ಸಂಭವನೀಯತೆಯನ್ನು ಬದಲಿಸುತ್ತದೆಯೇ ಇಲ್ಲವೇ ಎಂಬುದೇ ಇಲ್ಲಿನ ಮೂಲ ಪ್ರಶ್ನೆ. ಅದು ಇಡೀ ಪಾಠದಲ್ಲಿ ಒಮ್ಮೆಯೂ ಬರಲಿಲ್ಲ. ಚೀಲದಲ್ಲಿ ಮೂರು ಕೆಂಪು, ಎರಡು ನೀಲಿ ಗೋಲಿಗಳಿದ್ದಾಗ ಎರಡು ಸಲವೂ ಕೆಂಪು ಸಿಗುವ ಸಂಭವನೀಯತೆ, ಮೊದಲನೆಯದನ್ನು ಮರಳಿ ಹಾಕಿದರೆ 9/25, ಹಾಕದಿದ್ದರೆ 3/10. ಹತ್ತಿಪ್ಪತ್ತು ಪ್ರಯತ್ನಗಳಲ್ಲಿ ಈ ಅಂತರ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಕೆಂಪು, ಒಂದು ನೀಲಿ ಮಾತ್ರ ಇಡಿ: ಮರಳಿ ಹಾಕಿದರೆ 1/4, ಹಾಕದಿದ್ದರೆ ಸೊನ್ನೆ. ಚೀಲದೊಳಗೆ ಕೈಬಿಟ್ಟ ಮಗುವೇ ನಗುತ್ತದೆ, ‘ಇನ್ನೊಂದು ಕೆಂಪು ಎಲ್ಲಿದೆ?’ ಎಂದು. ಅವಲಂಬನೆ ಏನೆಂದು ಅರಿತ ಮೇಲಲ್ಲವೇ ಸ್ವಾತಂತ್ರ್ಯದ ಮಾತು?

ನಾಣ್ಯದ ವಿಷಯ ಇನ್ನೂ ಕಠಿಣ, ಏಕೆಂದರೆ ಅಲ್ಲಿ ನಮ್ಮ ಮನಸ್ಸೇ ಎದುರಾಳಿ. ಹಿಂದಿನ ಎಸೆತಗಳು ಮುಂದಿನದನ್ನು ಬದಲಿಸುವುದಿಲ್ಲವೆಂದು ಗೊತ್ತಿದ್ದರೂ, ಸತತ ಐದು ಪುಚ್ಛ ಬಿದ್ದ ಮೇಲೆ ‘ಈಗ ಶಿರದ ಸರದಿ’ ಎಂದು ನನ್ನ ಒಳಗೂ ಏನೋ ಪಿಸುಗುಡುತ್ತದೆ, ಇಷ್ಟು ವರ್ಷಗಳ ನಂತರವೂ. 1913ರಲ್ಲಿ ಮಾಂಟೆ ಕಾರ್ಲೋದ ಜೂಜುಕಟ್ಟೆಯಲ್ಲಿ ಕೆಂಪು, ಕಪ್ಪು ಮನೆಗಳ ರೂಲೆಟ್ ಚಕ್ರದಲ್ಲಿ ಚೆಂಡು ಸತತ 26 ಬಾರಿ ಕಪ್ಪಿನಲ್ಲೇ ನಿಂತಾಗ, ಕೆಂಪು ಬಂದೇ ಬರುತ್ತದೆಂದು ಪಣವೊಡ್ಡಿದವರು ಹಣ ಕಳೆದುಕೊಂಡದ್ದು ಇದೇ ಪಿಸುಮಾತಿಗೆ ಕಿವಿಗೊಟ್ಟು. ಆದ್ದರಿಂದ ನಾಣ್ಯ ಮುಟ್ಟುವ ಮೊದಲೇ ಮಕ್ಕಳಿಂದ ಊಹೆಯನ್ನು ಬರೆಸಬೇಕು: ಮೂರು ಶಿರ ಬಂದ ಮೇಲೆ ಮುಂದೇನು?

‘ಅಷ್ಟಕ್ಕೆಲ್ಲ ಸಮಯ ಎಲ್ಲಿದೆ?’ ಎನ್ನುವವರಿದ್ದಾರೆ. ಚಪ್ಪಾಳೆಗೆ ಸಮಯವಿತ್ತಲ್ಲ! ಎರಡನೆಯ ಮಹಾಯುದ್ಧದಲ್ಲಿ ಡೆನ್ಮಾರ್ಕ್‌ನಲ್ಲಿ ಬಂಧಿಯಾಗಿದ್ದ ಗಣಿತಜ್ಞ ಜಾನ್ ಕೆರಿಚ್ 10,000 ಬಾರಿ ನಾಣ್ಯ ಚಿಮ್ಮಿ 5,067 ಶಿರಗಳನ್ನು ದಾಖಲಿಸಿದರು. ಅಷ್ಟು ಬಿಡುವನ್ನು ನಾನು ಯಾರಿಂದಲೂ ಬೇಡುತ್ತಿಲ್ಲ. ನಲವತ್ತು ಮಕ್ಕಳು ತಲಾ 25 ಬಾರಿ ಚಿಮ್ಮಿ ಬಂದದ್ದನ್ನು ಕ್ರಮವಾಗಿ ಬರೆದರೆ 1,000 ಎಸೆತಗಳಾಗುತ್ತವೆ. ಅವುಗಳಲ್ಲಿ ಸತತ ಮೂರು ಶಿರಗಳ ಬೆನ್ನಿಗೆ ಬಂದ ಎಸೆತಗಳನ್ನಷ್ಟೇ ಆರಿಸಿದರೆ ಸುಮಾರು 110 ಸಿಗುತ್ತವೆ. ಇಡೀ ತರಗತಿಯದನ್ನು ಒಟ್ಟಿಗೆ ಕೂಡಿಸಿ, ಅವುಗಳಲ್ಲಿ ಶಿರವೆಷ್ಟು, ಪುಚ್ಛವೆಷ್ಟು ಎಂದು ಎಣಿಸಿ, ಬರೆದಿಟ್ಟ ಊಹೆಯ ಪಕ್ಕದಲ್ಲಿಡಲಿ. ಒಂದು ಅವಧಿಯಲ್ಲಿ ಮುಗಿಯುವ ಕೆಲಸವಿದು. ಗುಣಾಕಾರದ ಸೂತ್ರವನ್ನು ಕೊನೆಯ ಐದು ನಿಮಿಷದಲ್ಲಿ ಬರೆದರೂ ನಡೆಯುತ್ತದೆ.