ಅದು ತಾನಾಗೇ ಬೆಳೆದ ಸೇತುವೆ ಅಲ್ಲ ಮಾರಾಯ್ರೆ

ಬೆಳಬೆಳಿಗ್ಗೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪ ಒಂದು ಫೋಟೊ ಹಾಕಿದ್ದಾರೆ. ಮೇಘಾಲಯದ ಬೇರಿನ ಸೇತುವೆ. ಕೆಳಗೆ ‘ಪ್ರಕೃತಿಯೇ ಕಟ್ಟಿದ ಸೇತುವೆ, ಮನುಷ್ಯರ ಕೈ ತಾಗಿಲ್ಲ’ ಅಂತ ಬರಹ, ಜೊತೆಗೆ ಸಾಲು ಸಾಲು ಕೈಮುಗಿಯೋ ಚಿತ್ರ. ಕಾಫಿ ರುಚಿಯೇ ಹೋಯಿತು.

ಕೈ ತಾಗಿಲ್ಲವಂತೆ! ಅಲ್ಲಿನ ಖಾಸಿ ಬುಡಕಟ್ಟಿನ ಜನ ಹಳ್ಳದ ದಡದಲ್ಲಿ ರಬ್ಬರ್ ಗಿಡ ನೆಡುತ್ತಾರೆ (ಹಾಲು ತೆಗೆಯುವ ತೋಟದ ರಬ್ಬರ್ ಅಲ್ಲ, ಅಪಾರ್ಟ್‌ಮೆಂಟ್ ಬಾಗಿಲಲ್ಲಿ ಕುಂಡದಲ್ಲಿ ಧೂಳು ತಿನ್ನುತ್ತಾ ನಿಂತಿರುತ್ತಲ್ಲ, ಆಲದ ಜಾತಿಯದು, ಅದು). ಅದು ಬಿಡುವ ಬಿಳಲು ಬೇರನ್ನು ಅಡಿಕೆ ಮರ ಸೀಳಿ ತಿರುಳು ತೆಗೆದ ದಬ್ಬೆಯೊಳಗೆ ಕೂರಿಸಿ ಆಚೆ ದಡಕ್ಕೆ ದಾಟಿಸುತ್ತಾರೆ. ಅಲ್ಲಿ ಮಣ್ಣು ಹಿಡಿದ ಮೇಲೆ ಬೇರಿಗೆ ಬೇರು ಹೆಣೆಯುತ್ತಾರೆ, ಹೆಣೆದದ್ದು ಬೆಸೆದುಕೊಳ್ಳುತ್ತದೆ, ಸಂದಿಗೆ ಕಲ್ಲು ತುಂಬುತ್ತಾರೆ. ಹೆಚ್ಚು ಕಡಿಮೆ 15ರಿಂದ 30 ವರ್ಷದ ಕೆಲಸ. ನೆಟ್ಟವರು ದಾಟುತ್ತಾರೋ ಇಲ್ಲವೋ, ಮೊಮ್ಮಕ್ಕಳು ದಾಟುತ್ತಾರೆ.

ದಬ್ಬೆ ಅಂದರೆ ನಮ್ಮ ತೋಟದ ದಬ್ಬೆಯೇ ಕಣ್ರೀ. ನಮ್ಮೂರ ಹಳ್ಳಕ್ಕೆ ಅಪ್ಪ ಅಡಿಕೆ ಮರದ ಸಂಕ (ಕಾಲುಸೇತುವೆ) ಹಾಕುತ್ತಿದ್ದರಲ್ಲ, ಎರಡು ಮಳೆಗಾಲಕ್ಕೆ ಅದು ಕುಂಬಾಗಿ ಕಾಲಿಟ್ಟರೆ ಕುಸಿಯುತ್ತಿತ್ತು. ಚಿರಾಪುಂಜಿ ಮಳೆಗೆ ಎಷ್ಟು ದಿನ ಬಂದೀತು? ಅದಕ್ಕೇ ಅವರು ಕೊಳೆಯದ, ವರ್ಷ ವರ್ಷ ದಪ್ಪ ಆಗುವ ಸಂಕ ಬೆಳೆಸಿದರು. ಅವರೂ ಅಡಿಕೆ ಹೊರೆ ಹೊತ್ತು ದಾಟುವವರೇ. ಅಪ್ಪನ ಸಂಕ ನೋಡಿ ಯಾರಾದರೂ ‘ಪ್ರಕೃತಿ ವಿಸ್ಮಯ’ ಅಂದಿದ್ದರೆ ಕತ್ತಿ ಹಿಡಿದೇ ಬರುತ್ತಿದ್ದರು.

‘ಹೊಗಳಿದ್ದಾರೆ ತಾನೇ, ನಿಂದೇನು ಕಿರಿಕಿರಿ’ ಅಂತ ತಂಗಿಯ ಮೆಸೇಜ್. ಹೊಗಳಿದ್ದು ಯಾರನ್ನ? ಮರವನ್ನ. 2022ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಇವು ಸೇರಿದ್ದೂ ಸಾಂಸ್ಕೃತಿಕ ತಾಣ ಅಂತಲೇ. ಯುನೆಸ್ಕೋಗೆ ಅರ್ಥವಾಗಿದ್ದು ನಮ್ಮ ಚಿಕ್ಕಪ್ಪನಿಗೆ ಆಗಲ್ಲ.

ಸರಿ, ಹೇಳಿಬಿಡುತ್ತೇನೆ. ನಾನು ಮೇಘಾಲಯದ ನೊಂಗ್ರಿಯಾಟ್ ಹಳ್ಳಿಗೆ ಹೋಗಿದ್ದಾಗ, ಮೂರು ಸಾವಿರ ಚಿಲ್ಲರೆ ಮೆಟ್ಟಿಲು ಇಳಿದು ಮೊಣಕಾಲು ಗಡಗಡ ಅಂತಿದ್ದರೂ ಆ ಡಬಲ್ ಡೆಕ್ಕರ್ ಸೇತುವೆ ಮೇಲೆ ಫೋಟೊಗೆ ನಿಂತೆ. ದಾರದಂಥ ಎಳೆ ಬೇರೊಂದು ಮುಖಕ್ಕೆ ಅಡ್ಡ ಬರುತ್ತಿತ್ತು. ಸುಮ್ನೆ ಪಕ್ಕಕ್ಕೆ ಎಳೆದುಬಿಟ್ಟೆ. ಹಿಂದೆ, ಹಣೆಗೆ ಪಟ್ಟಿ ಹಾಕಿ ಬೆನ್ನಿಗೆ ಬುಟ್ಟಿ ಹೊತ್ತಿದ್ದ ಅಜ್ಜಿ ಒಬ್ಬರು ದಾಟೋಕೆ ಕಾಯುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಆ ಬೇರನ್ನು ದಪ್ಪ ಬೇರಿಗೆ ಎರಡು ಸುತ್ತು ಸುತ್ತಿ, ತುದಿಯನ್ನು ಸಂದಿಗೆ ತುರುಕಿ, ಮುಂದೆ ಹೋದರು.

ಆ ಫೋಟೊ ಇನ್ನೂ ನನ್ನ ಫೇಸ್‌ಬುಕ್ ಗೋಡೆಯ ಮೇಲಿದೆ. ಅದರ ಕೆಳಗೆ ಆವತ್ತು ಏನು ಬರೆದಿದ್ದೆ ಅಂತ ಹುಡುಕೋಕೆ ಹೋಗಬೇಡಿ, ಪ್ಲೀಸ್.